ತಕ್ಕಡಿ ಮಾಸ್ತರ ಅರ್ಧ ಅಂಕ

ಇಷ್ಟಕ್ಕೆಲ್ಲ ಕಾರಣ ಒಂದು ಬೂಟಿನ ಲೇಸು. ಅದೂ ನಮ್ಮ ಮಾಸ್ತರ ಬೂಟಿನದಲ್ಲ, ಪರ ಊರಿನ ತೀರ್ಪುಗಾರರೊಬ್ಬರ ಬೂಟಿನದು. ಭಾನುವಾರ ಬೆಳಗ್ಗೆ ರೈಲು ಹಿಡಿಯಲು ಹೊರಟವರು ಲೇಸು ಕಟ್ಟಿಕೊಳ್ಳೋಣವೆಂದು ಬಗ್ಗಿದರು. ಬಗ್ಗಿದವರು ಮತ್ತೆ ಏಳಲಿಲ್ಲ, ಸೊಂಟ ಹಿಡಿದುಕೊಂಡುಬಿಟ್ಟಿತು. ಅದೇ ಭಂಗಿಯಲ್ಲಿ ಫೋನು ಮಾಡಿ, "ಮಾಸ್ತರೇ, ನೆಲ ಬಿಟ್ಟು ಬೇರೇನೂ ಕಾಣಿಸ್ತಿಲ್ಲ ನನಗೆ. ಇವತ್ತಿನ ಆಯ್ಕೆ ನೀವೇ ಮಾಡಿಬಿಡಿ" ಎಂದು ನರಳಿದರು.

ಹಲ್ಲುಜ್ಜುತ್ತಿದ್ದ ಮಾಸ್ತರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಸ್ಟೂಲಿನ ಮೇಲೆ ಕುಸಿದರು.

ಸವಾರಿ ಶಾಲೆಯಲ್ಲಿ ವರ್ಷಾನುಗಟ್ಟಲೆ ಮಕ್ಕಳನ್ನು ಕುದುರೆ ಹತ್ತಿಸಿ, ಇಳಿಸಿ, ಬಿದ್ದವರನ್ನು ಎತ್ತಿ ನಿಲ್ಲಿಸಿ ನಿವೃತ್ತರಾದವರು ಅವರು. ಈಗ ಮನೆಯ ಮೆಟ್ಟಿಲು ಹತ್ತುವುದೂ ಸಾಕೆನಿಸುವಷ್ಟು ದಣಿವು. ಅಂಕ ಕೊಡುವುದರಲ್ಲಿ ಕೂದಲೆಳೆಯಷ್ಟೂ ಆಕಡೆ ಈಕಡೆ ಮಾಡದ ಮನುಷ್ಯನೆಂದು ಊರು ಅವರಿಗೆ ಇಟ್ಟ ಹೆಸರು ತಕ್ಕಡಿ ಮಾಸ್ತರು. ಭಾನುವಾರ ಮಧ್ಯಾಹ್ನದವರೆಗೆ ಮಲಗಬೇಕೆಂಬುದು ಬಿಟ್ಟರೆ ಅವರಿಗೆ ಈ ಭೂಮಿಯ ಮೇಲೆ ಬೇರೆ ಆಸೆ ಉಳಿದಿರಲಿಲ್ಲ.

ಇವತ್ತಿನ ಆಯ್ಕೆ ಡ್ರೆಸಾಜ್ ಸ್ಪರ್ಧೆಗೆ. ಅದು ಕುದುರೆ ಓಡಿಸಿ ಗೆಲ್ಲುವ ಆಟವಲ್ಲ. ಸುತ್ತ ಅಕ್ಷರದ ಹಲಗೆ ನೆಟ್ಟ ಮರಳಿನ ಅಂಗಳದಲ್ಲಿ ಕುದುರೆ ಹೇಳಿದ ಕಡೆ ನಡೆಯಬೇಕು, ಹೇಳಿದ ಕಡೆ ತಿರುಗಬೇಕು, ಹೇಳಿದ ಕಡೆ ಕಂಬದ ಹಾಗೆ ನಿಲ್ಲಬೇಕು. ಸವಾರ ಹೇಳಿದ್ದು ಕುದುರೆಗೆ ತಿಳಿಯಬೇಕು, ನೋಡುವವರಿಗೆ ಕಾಣಕೂಡದು. ನೆಂಟರೆದುರು ಗಂಡ ಹೆಂಡತಿ ಕಣ್ಣಲ್ಲೇ ಜಗಳವಾಡಿದ ಹಾಗೆ. ಹದಿನೆಂಟರೊಳಗಿನ ಮಕ್ಕಳ ಅಂತಾರಾಷ್ಟ್ರೀಯ ಸ್ಪರ್ಧೆಗೆ ಈ ಶಾಲೆಯಿಂದ ಒಬ್ಬರೇ ಒಬ್ಬರು ಹೋಗಬಹುದು. ಆ ಒಂದು ಜಾಗಕ್ಕೆ ಮೂವರು: ಶಾಲೆಯ ಅಧ್ಯಕ್ಷರ ಮೊಮ್ಮಗ, ಎದುರುಮನೆ ಹಲ್ಲಿನ ಡಾಕ್ಟರಮ್ಮನ ಮಗಳು, ಮತ್ತೆ ಮಾಸ್ತರ ಸ್ವಂತ ಮಗಳು.

ತೊಡಕು ಇರುವುದೇ ಇಲ್ಲಿ. ಹಿಂದಿನ ಎರಡು ವರ್ಷವೂ ಮಾಸ್ತರೇ ತೀರ್ಪುಗಾರರು. ಎರಡು ವರ್ಷವೂ ಎಲ್ಲರಿಗಿಂತ ಚೆನ್ನಾಗಿ ಸವಾರಿ ಮಾಡಿದವಳು ಮಗಳು, ಎರಡು ವರ್ಷವೂ ಸೋತವಳು ಅವಳೇ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಯಾರಾದರೂ ಅಂದುಬಿಟ್ಟಾರೆಂಬ ಹೆದರಿಕೆಗೆ ಮಾಸ್ತರು ಅವಳ ಅಂಕದಿಂದ ಚೂರು ಚೂರೇ ಕಿತ್ತಿದ್ದರು. ಈ ವರ್ಷ ಕಳೆದರೆ ಅವಳ ವಯಸ್ಸು ಮೀರುತ್ತದೆ. ಇದೇ ಕೊನೆಯ ಅವಕಾಶ. ಅದಕ್ಕೇ ಮಾಸ್ತರು ಹಠ ಹಿಡಿದು ಹೊರಗಿನ ತೀರ್ಪುಗಾರರನ್ನು ಗೊತ್ತುಮಾಡಿದ್ದರು. ಆ ಮಹಾನುಭಾವರು ನೋಡಿದರೆ ಹೀಗೆ ಬಗ್ಗಿ ಕೂತರು. ಆಯ್ಕೆಯಾದವರ ಹೆಸರು ಸಂಜೆಯೊಳಗೆ ಕಳಿಸಲೇಬೇಕು, ಊರಲ್ಲಿ ಬೇರೆ ತೀರ್ಪುಗಾರರಿಲ್ಲ.

"ಏನಂತೆ?" ಅಡುಗೆಮನೆಯಿಂದ ಹೆಂಡತಿ ಕೇಳಿದರು.

"ಸೊಂಟ ಹಿಡ್ಕೊಂಡಿದೆಯಂತೆ. ನಾನೇ ನೋಡ್ಬೇಕಂತೆ."

ಕೈಯಲ್ಲಿದ್ದ ಪಾತ್ರೆಯನ್ನು ಆಕೆ ಟಣ್ಣನೆ ಕುಕ್ಕಿದರು. "ಮುಗೀತು ಬಿಡಿ. ಊರಿಗೆಲ್ಲ ಸರಿಯಾಗಿ ತೂಗೋ ತಕ್ಕಡಿ, ನಮ್ಮ ಹುಡುಗಿ ಕೂತ ತಟ್ಟೆಗೆ ಮಾತ್ರ ತೂತು!"

"ಏನ್ ಮಾಡ್ಲಿ ಹೇಳು? ನಾಳೆ ಜನ ಒಂದು ಮಾತು ಅನ್ಬಾರ್ದಲ್ಲ."

"ಜನ! ಆ ಜನ ಬಂದು ನಿಮ್ಮ ಮಗಳ ಕಣ್ಣೊರೆಸ್ತಾರಾ? ರೀ, ತೀರ್ಪುಗಾರ ಆಗಿದ್ದು ಸಾಕು. ಒಂದೇ ಒಂದು ಸಲ ಅಪ್ಪ ಆಗಿ ನೋಡಿ."

ಮೇಜಿನ ಹತ್ತಿರ ಬ್ರೆಡ್ಡಿಗೆ ಜಾಮ್ ಸವರುತ್ತಿದ್ದ ಮಗಳು ಅಪ್ಪನನ್ನು ಒಮ್ಮೆ ನೋಡಿ, ಬ್ರೆಡ್ಡನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಅದಕ್ಕಿಂತ ನಾಲ್ಕು ಮಾತು ಬೈದಿದ್ದರೇ ವಾಸಿಯಿತ್ತು ಎನಿಸಿತು ಮಾಸ್ತರಿಗೆ.

ಗೇಟು ದಾಟಿದರೋ ಇಲ್ಲವೋ, ಹಲ್ಲಿನ ಡಾಕ್ಟರಮ್ಮ ಎದುರಾದರು. ಇಲ್ಲಿ ಒಂದು ವಿಷಯ ಹೇಳಬೇಕು. ಮಾಸ್ತರ ಎಡದವಡೆಯ ಹಲ್ಲೊಂದನ್ನು ಡಾಕ್ಟರಮ್ಮ ಮೊನ್ನೆಯಷ್ಟೇ ಅರ್ಧ ಕೊರೆದು, ಹತ್ತಿ ತುರುಕಿ ಕಳಿಸಿದ್ದರು. ಉಳಿದರ್ಧ ಕೊರೆಯುವುದು ನಾಳೆ.

"ನೀವೇ ನೋಡ್ತೀರಂತಲ್ಲ ಮಾಸ್ತರೇ?"

"ಈಗ ತಾನೇ ಫೋನು ಬಂತು, ನಿಮಗೆ ಹೇಗೆ ಗೊತ್ತಾಯ್ತು?"

"ಗೋಡೆಗೂ ಕಿವಿ ಇರತ್ತೆ ನೋಡಿ. ನಾನೇನೂ ಹೇಳೋಕೆ ಬಂದಿಲ್ಲಪ್ಪ. ನ್ಯಾಯವಾಗಿ ಆದ್ರೆ ಸಾಕು. ಹಲ್ಲು ಹೇಗಿದೆ? ನಾಳೆ ಬರ್ತೀರಲ್ಲ, ನೋಡೋಣ."

ಆ 'ನೋಡೋಣ' ಕೇಳಿ ಹಲ್ಲು ಬುಡಸಮೇತ ಝುಮ್ಮೆಂದಿತು.

ಶಾಲೆಯ ಬಾಗಿಲಲ್ಲೇ ಅಧ್ಯಕ್ಷರು ನಿಂತಿದ್ದರು. ಆಳು ದಪ್ಪ, ದನಿ ಇನ್ನೂ ದಪ್ಪ. "ಬನ್ನಿ ಬನ್ನಿ. ನಿಮ್ಮ ಮೇಲೆ ನಮಗೆ ಪೂರ್ತಿ ನಂಬಿಕೆ ಇದೆ" ಎಂದರು. ಪೂರ್ತಿ ನಂಬಿಕೆ ಇದೆ ಎಂದು ಬಾಯಿಬಿಟ್ಟು ಹೇಳುವವರು ಅರ್ಧವೂ ನಂಬಿರುವುದಿಲ್ಲ ಎಂಬುದು ಮಾಸ್ತರಿಗೆ ಗೊತ್ತಿತ್ತು. ಅದು ಹಾಗೇ ಆಯಿತು. "ಆದ್ರೂ ನೋಡಿ, ಕಣದಲ್ಲಿ ಸ್ವಂತ ಮಗಳು ಇರೋವಾಗ..."

"ಹಾಗಾದ್ರೆ ಬೇರೆ ಯಾರನ್ನಾದ್ರೂ ಕೂರಿಸಿ ಸ್ವಾಮಿ. ನಾನು ಮನೆಗೆ ಹೋಗಿ ಮಲಗ್ತೀನಿ" ಎಂದು ಮಾಸ್ತರು ಮನಸಾರೆ ಹೇಳಿದರು. ಯಾರೂ ಒಪ್ಪಲಿಲ್ಲ. ಮಲಗುವ ಭಾಗ್ಯ ಅಷ್ಟು ಸುಲಭವಾಗಿ ಸಿಗುವಂಥದ್ದಲ್ಲ.

"ಯಾರು ಯಾರು ಅಂತ ಮಾಸ್ತರಿಗೆ ಗೊತ್ತಾಗದಿದ್ರೆ ಆಯ್ತಲ್ಲ. ಮುಖ ಮುಚ್ಚಿಬಿಡಿ" ಎಂದರು ಹಿಂದೆಯೇ ಬಂದಿದ್ದ ಡಾಕ್ಟರಮ್ಮ. ಇಡೀ ದಿನ ಜನರ ಮುಖ ಮುಚ್ಚಿ ಬಾಯಿ ಮಾತ್ರ ತೆರೆಸುವವರು, ಅವರಿಗೆ ಇದು ಸಹಜವೇ.

ಶಾಲೆಯ ಕಾರ್ಯದರ್ಶಿಗೆ ಇಂಥದ್ದೆಂದರೆ ಹಬ್ಬ. ಕಡ್ಡಿಯಂಥ ಮನುಷ್ಯ, ಜೇಬಲ್ಲಿ ಸೀಟಿ, ತಲೆ ತುಂಬ ನಿಯಮ. ಲಾಯಕ್ಕೆ ಓಡಿ, ನೊಣ ಕೂರದಿರಲೆಂದು ಕುದುರೆಗಳ ಮುಖಕ್ಕೆ ಕಟ್ಟುವ ಮೂರು ಜಾಲರಿ ತಂದ. "ಇದನ್ನ ಮಕ್ಕಳ ಮುಖಕ್ಕೆ ಕಟ್ಟೋಣ. ಒಳಗಿಂದ ಎಲ್ಲ ಕಾಣತ್ತೆ, ಹೊರಗಿಂದ ಏನೂ ಕಾಣಲ್ಲ."

"ವಾಸನೆ?" ಎಂದರು ಅಧ್ಯಕ್ಷರು.

"ಮೂವರಿಗೂ ಸಮ."

"ಸರಿ, ಮುಖ ಆಯ್ತು. ಕುದುರೆ ನೋಡಿದ್ರೆ ಗೊತ್ತಾಗಲ್ವಾ?" ಎಂದರು ಡಾಕ್ಟರಮ್ಮ. ಮಾತು ನ್ಯಾಯವಾದದ್ದೇ. ಅಧ್ಯಕ್ಷರ ಮೊಮ್ಮಗನ ಕುದುರೆ ವಿಮಾನದಲ್ಲಿ ಬಂದದ್ದು, ನೆತ್ತಿಯಿಂದ ಗೊರಸಿನವರೆಗೆ ಹಾಲಿನ ಬಣ್ಣ; ಅದನ್ನು ಕುರುಡನೂ ಗುರುತಿಸುತ್ತಾನೆ. "ಮೂವರೂ ಒಂದೇ ಕುದುರೆ ಹತ್ತಲಿ" ಎಂದಾಯಿತು.

"ಅಂದ್ರೆ ವಿಮಾನದಲ್ಲಿ ಬಂದ ಕುದುರೆ ಲಾಯದಲ್ಲಿ ಹುಲ್ಲು ತಿನ್ನುತ್ತಾ ನಿಂತಿರಬೇಕಾ?" ಎಂದು ಅಧ್ಯಕ್ಷರು ಗುಡುಗಿದರು.

"ನಾವು ಕಳಿಸ್ತಿರೋದು ಮಗೂನೋ ಕುದುರೇನೋ?" ಎಂದರು ಡಾಕ್ಟರಮ್ಮ.

ಹೀಗೆ ಹೊರಬಂದದ್ದು ತಾತ. ಶಾಲೆಯ ಅತಿ ಹಳೆಯ ಕುದುರೆ, ಬಣ್ಣ ಮಾಸಿದ ಕಂದು, ಕೆಳತುಟಿ ಜೋತುಬಿದ್ದಿದೆ. ಊರಿನ ಅರ್ಧ ಮಕ್ಕಳು ಅದರ ಮೇಲಿಂದ ಬಿದ್ದೇ ದೊಡ್ಡವರಾದದ್ದು. ನಿಂತಲ್ಲೇ ನಿದ್ದೆ ಹೊಡೆಯುತ್ತಿದ್ದ ತಾತನನ್ನು ನೋಡಿ ಮಾಸ್ತರಿಗೆ ಹೊಟ್ಟೆಕಿಚ್ಚಾಯಿತು. ಅಷ್ಟಕ್ಕೇ ಬಿಡದೆ ಕಾರ್ಯದರ್ಶಿ ಮೂರು ರೈನ್‌ಕೋಟು ತಂದು, ಮೈಕಟ್ಟೂ ತಿಳಿಯಬಾರದೆಂದು ಮಕ್ಕಳಿಗೆ ತೊಡಿಸಿದ.

"ಸವಾರನ ಬೆನ್ನು ನೆಟ್ಟಗಿದೆಯೋ, ಮೊಣಕೈ ಮೈಗೆ ಸೇರಿದೆಯೋ ನೋಡೇ ಅಂಕ ಹಾಕ್ಬೇಕಯ್ಯ. ನನಗೆ ರೈನ್‌ಕೋಟು ತೋರಿಸಿದ್ರೆ ರೈನ್‌ಕೋಟಿಗೆ ಅಂಕ ಹಾಕ್ಲಾ?" ಎಂದರು ಮಾಸ್ತರು.

"ಎಲ್ಲರಿಗೂ ಸಮ ಸಾರ್" ಎಂದ ಕಾರ್ಯದರ್ಶಿ. ಅದರ ಮುಂದೆ ವಾದವಿಲ್ಲ. ಲಾಯದೊಳಗೆ ಚೀಟಿ ಎತ್ತಿಸಿ, ಬೆನ್ನಿಗೆ ನಂಬರು ಅಂಟಿಸಿ ಬಂದ. ಮಾಸ್ತರು ಅಂಗಳದ ತುದಿಯ ಮೇಜಿನಲ್ಲಿ ಕೂತರು. ಹಗ್ಗದ ಆಚೆ ಅಧ್ಯಕ್ಷರು, ಡಾಕ್ಟರಮ್ಮ. ಚಪ್ಪಾಳೆ ತಟ್ಟುವ ಹಾಗಿಲ್ಲ, ಕೆಮ್ಮುವ ಹಾಗೂ ಇಲ್ಲ.

ಒಂದನೇ ನಂಬರು ಬಂತು. ಗಂಡೋ ಹೆಣ್ಣೋ ದೇವರಿಗೇ ಗೊತ್ತು, ಕುದುರೆಯ ಮೇಲೆ ಒಣಹಾಕಿದ ರೈನ್‌ಕೋಟಿನಂತೆ ಕಂಡಿತು. ಸವಾರರು ಮರೆಯದಿರಲೆಂದು ಮಾಡಬೇಕಾದ್ದನ್ನು ಪಕ್ಕದಲ್ಲಿ ನಿಂತು ಒಬ್ಬರು ಕೂಗಿ ಹೇಳುವ ಪದ್ಧತಿ ಇದೆ. ಇಲ್ಲಿ ಕೂಗುವವನು ಕಾರ್ಯದರ್ಶಿ. "ಬಲಕ್ಕೆ ತಿರುಗಿ!" ಎಂದ. ತಾತ ಬಲಕ್ಕೆ ತಿರುಗಿತು. "ದೊಡ್ಡ ಸುತ್ತು!" ಎಂದ. ತಾತ ಕೈವಾರ ಇಟ್ಟ ಹಾಗೆ ಸುತ್ತು ಹಾಕಿತು.

ಮಾಸ್ತರು ಕನ್ನಡಕ ಒರೆಸಿ ನೋಡಿದರು. ಸವಾರನ ಮಾತು ಕೇಳುವ ಕುದುರೆಯ ಕಿವಿ ಸವಾರನ ಕಡೆಗೆ, ಹಿಂದಕ್ಕೆ ವಾಲಿರುತ್ತದೆ. ತಾತನ ಎರಡೂ ಕಿವಿ ನೆಟ್ಟಗೆ ಕಾರ್ಯದರ್ಶಿಯ ಕಡೆಗಿದ್ದವು. ಅಯ್ಯೋ ರಾಮ! ಇಷ್ಟು ವರ್ಷ ಇದೇ ದನಿ ಕೇಳಿ ಕೇಳಿ ಅದಕ್ಕೆ ಎಲ್ಲ ಬಾಯಿಪಾಠ. ಮೇಲೆ ಮಗು ಕೂತಿದ್ದರೂ ಒಂದೇ, ಗೋಣಿಚೀಲ ಕೂತಿದ್ದರೂ ಒಂದೇ.

ಅಷ್ಟರಲ್ಲಿ ಕ್ಯಾಂಟೀನಿನವನು ಟೀ ತಟ್ಟೆ ಹಿಡಿದು ಅಂಗಳದ ನಡುವೆಯೇ ಅಡ್ಡ ಹಾಯ್ದ. "ಏಯ್, ನಿಲ್ಲೋ!" ಎಂದು ಕಾರ್ಯದರ್ಶಿ ಕಿರುಚಿದ. ಕ್ಯಾಂಟೀನಿನವನು ನಿಲ್ಲಲಿಲ್ಲ. ತಾತ ನಿಂತಿತು. ನಿಂತದ್ದು ಕಣ್ಣನ್ನೂ ಮುಚ್ಚಿತು.

"ಅನ್ಯಾಯ! ಒಂದನೇ ನಂಬರಿಗೆ ಅನ್ಯಾಯ ಆಯ್ತು!" ಎಂದು ಡಾಕ್ಟರಮ್ಮ ಹಗ್ಗ ಹಿಡಿದು ಕೂಗಿದರು.

"ಅದು ನಿಮ್ಮ ಮಗಳೇ ಅಂತ ಹೇಗೆ ಗೊತ್ತು?" ಎಂದರು ಅಧ್ಯಕ್ಷರು.

"ಯಾರೇ ಆಗ್ಲಿ, ಅನ್ಯಾಯ ಅನ್ಯಾಯಾನೇ!"

ಮತ್ತೆ ಮೊದಲಿಂದ ಮಾಡಿಸೋಣವೆಂದರೆ ಒಬ್ಬರಿಗೆ ಎರಡು ಸಲ ಅಭ್ಯಾಸವಾಗುತ್ತದೆ. ಬಿಟ್ಟುಬಿಡೋಣವೆಂದರೆ ಡಾಕ್ಟರಮ್ಮ ಬಿಡುವುದಿಲ್ಲ. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಕಾರ್ಯದರ್ಶಿಯೇ ದಾರಿ ಕಂಡುಹಿಡಿದ: ಅನ್ಯಾಯ ಮೂವರಿಗೂ ಸಮನಾಗಿ ಆಗಿಬಿಟ್ಟರೆ ಅದು ನ್ಯಾಯವೇ. ಇನ್ನಿಬ್ಬರು ಬಂದಾಗಲೂ ಕ್ಯಾಂಟೀನಿನವನು ಅದೇ ಜಾಗದಲ್ಲಿ ಅಡ್ಡ ಬರತಕ್ಕದ್ದು, ತಾನು ಅದೇ ದನಿಯಲ್ಲಿ ಕಿರುಚತಕ್ಕದ್ದು.

"ಟೀ ಇರ್ಬೇಕಾ, ಖಾಲಿ ತಟ್ಟೆ ಸಾಕಾ?" ಎಂದು ಕೇಳಿದ ಕ್ಯಾಂಟೀನಿನವನು.

"ಇರ್ಬೇಕು. ಎಲ್ಲ ಹಾಗೇ ಇರ್ಬೇಕು."

ಮಾಸ್ತರು ತಲೆಯ ಮೇಲೆ ಕೈಹೊತ್ತು ಕೂತರು. ಬಿಸಿಲು ಏರಿತ್ತು, ಹಲ್ಲು ಮಿಡಿಯುತ್ತಿತ್ತು.

ಎರಡನೇ ನಂಬರು ಬಂತು. ಕಾರ್ಯದರ್ಶಿ ಕೂಗಿದ, ತಾತ ತಿರುಗಿತು. ಕ್ಯಾಂಟೀನಿನವನು ಈ ಸಲ ತಲೆ ಬಾಚಿಕೊಂಡು, ತಟ್ಟೆಯನ್ನು ಎದೆಮಟ್ಟ ಎತ್ತಿ ಗಂಭೀರವಾಗಿ ನಡೆದು ಹೋದ. ಕಾರ್ಯದರ್ಶಿ ಕಿರುಚಿದ, ತಾತ ನಿಂತಿತು. ಆದರೆ ಕಣ್ಣು ಮುಚ್ಚಲಿಲ್ಲ. ಮಾಸ್ತರು ಮುಂದಕ್ಕೆ ಬಾಗಿದರು. ತಾತನ ಒಂದು ಕಿವಿ ಮೆಲ್ಲಗೆ ಹಿಂದಕ್ಕೆ ತಿರುಗಿತ್ತು. ಆಮೇಲಿನ ಸುತ್ತಿನಲ್ಲಿ ಆ ಜೋತುತುಟಿಯ ಮುದಿಕುದುರೆ ಕತ್ತು ಬಾಗಿಸಿ, ಬೆನ್ನೆತ್ತಿ, ಹತ್ತು ವರ್ಷ ಚಿಕ್ಕದಾದ ಹಾಗೆ ಹೆಜ್ಜೆಯಿಟ್ಟಿತು. ರೈನ್‌ಕೋಟಿನೊಳಗೆ ಯಾವುದೋ ಮಗು ನಿಜವಾಗಿ ಸವಾರಿ ಮಾಡುತ್ತಿತ್ತು.

'ಯಾರ ಮಗುವೋ, ಭೇಷ್' ಎಂದುಕೊಂಡು ಮಾಸ್ತರು ಧಾರಾಳವಾಗಿ ಅಂಕ ಹಾಕಿದರು. ಡಾಕ್ಟರಮ್ಮನ ಮಗಳೇ ಇರಬೇಕು, ಇತ್ತೀಚೆಗೆ ಚೆನ್ನಾಗಿ ಅಭ್ಯಾಸ ಮಾಡುತ್ತಿದ್ದಾಳೆ ಎಂದು ಯಾರೋ ಅಂದಿದ್ದರು.

ಮೂರನೇ ನಂಬರು ಬಂತು. ಅಂಗಳಕ್ಕೆ ಇಳಿಯುವ ಮುಂಚೆ ಒಂದು ಗಳಿಗೆ ನಿಂತು, ಮುಂದಕ್ಕೆ ಬಾಗಿ, ತಾತನ ಕತ್ತಿನ ಮೇಲೆ ಮುಂಗೈಯನ್ನು ಒತ್ತಿ ಇಟ್ಟಿತು. ಅಂಗೈಯಲ್ಲ, ಕೈ ಮಗುಚಿ ಮುಂಗೈ. ಮಗುವಿಗೆ ಜ್ವರವಿದೆಯೇ ಎಂದು ನೋಡುತ್ತಾರಲ್ಲ, ಹಾಗೆ.

ಮಾಸ್ತರ ಪೆನ್ನು ನಿಂತಿತು. ಐದು ವರ್ಷದವಳಿದ್ದಾಗ ಅವರ ಮಗಳು ಜ್ವರ ಬಂದು ಮಲಗಿದ್ದಳು. ಅಮ್ಮ ಹಣೆ ಮುಟ್ಟಿ ನೋಡಿದ್ದನ್ನು ಕಲಿತು, ಎದ್ದ ಮೇಲೆ ಲಾಯಕ್ಕೆ ಬಂದು ಬಕೆಟ್ಟು ಬೋರಲು ಹಾಕಿ ಹತ್ತಿ ಪ್ರತಿ ಕುದುರೆಯ ಕತ್ತಿಗೂ ಹಾಗೇ ಮುಂಗೈ ಇಟ್ಟಿದ್ದಳು. ಅವತ್ತಿನಿಂದ ಇವತ್ತಿನವರೆಗೆ ಹಾಗೆ ಮಾಡದೆ ಅವಳು ಕುದುರೆ ನಡೆಸಿದ್ದಿಲ್ಲ. ಜಾಲರಿ ಕಟ್ಟಿದರೇನು, ರೈನ್‌ಕೋಟು ತೊಡಿಸಿದರೇನು, ಹೆತ್ತ ಕರುಳಿಗೆ ಮರೆಮಾಡಲಾದೀತೆ?

ಆದರೆ ಸವಾರಿ ಸಪ್ಪೆಯಾಗಿತ್ತು. ತಪ್ಪಿಲ್ಲ, ಒಪ್ಪಿಲ್ಲ. ತಾತನ ಎರಡೂ ಕಿವಿ ಮತ್ತೆ ಕಾರ್ಯದರ್ಶಿಯ ಕಡೆಗೇ. ಪಾಪ, ಬೆಳಗ್ಗೆ ಬ್ರೆಡ್ಡನ್ನೂ ಬಿಟ್ಟು ಎದ್ದು ಹೋದ ಮಗು, ಮನಸ್ಸೆಲ್ಲಿ ನೆಟ್ಟಗಿರುತ್ತದೆ ಎಂದುಕೊಂಡರು ಮಾಸ್ತರು. ಎರಡು ವರ್ಷ ನಾನೇ ಕಿತ್ತುಕೊಂಡೆನಲ್ಲ. ಕಿತ್ತದ್ದನ್ನು ಹಿಂದಕ್ಕೆ ಕೊಟ್ಟರೆ ಅದು ಮೋಸವೇ?

ನ್ಯಾಯ ಮಾಡಿ ಮಾಡಿ ಅವರಿಗೆ ಸುಸ್ತಾಗಿಹೋಗಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಡಿಗೆಗೆ ಚೂರು, ತಿರುವಿಗೆ ಚೂರು, ನಿಂತದ್ದಕ್ಕೆ ಚೂರು ಸೇರಿಸಿದರು. ಎರಡನೇ ನಂಬರಿಗಿಂತ ಸರಿಯಾಗಿ ಅರ್ಧ ಅಂಕ ಮುಂದೆ. ಬದುಕಿನಲ್ಲಿ ಮೊದಲ ಸಲ ಮಾಡಿದ ಕಳ್ಳತನ. ಆದರೂ ಹೆಗಲ ಮೇಲಿನ ಮೂಟೆ ಇಳಿಸಿದಷ್ಟು ಹಗುರವಾಯಿತು. ಕ್ಯಾಂಟೀನಿನವನನ್ನು ಕರೆದು ಆರಿಹೋದ ಟೀ ಕುಡಿದರು.

ಕಾರ್ಯದರ್ಶಿ ಸೀಟಿ ಊದಿದ. "ಮೂರನೇ ನಂಬರು, ಅರ್ಧ ಅಂಕದ ಅಂತರದಲ್ಲಿ ಆಯ್ಕೆ! ಎರಡನೇ ಸ್ಥಾನ, ಎರಡನೇ ನಂಬರು. ಜಾಲರಿ ಬಿಚ್ಚಿ!"

ಮೂರನೇ ನಂಬರು ಜಾಲರಿ ಬಿಚ್ಚಿತು. ಒಳಗಿನಿಂದ ಕೆದರಿದ ತಲೆಯ, ಬೆವೆತ ಮುಖದ ಅಧ್ಯಕ್ಷರ ಮೊಮ್ಮಗ ಹೊರಬಂದ. ಒಂದನೇ ನಂಬರು ಡಾಕ್ಟರಮ್ಮನ ಮಗಳು. ಎರಡನೆಯದರ ಜಾಲರಿ ಬಿಚ್ಚುವುದನ್ನು ನೋಡಲಾರದೆ ಮಾಸ್ತರು ಕಣ್ಣು ಮುಚ್ಚಿದರು. ಮುಚ್ಚಿದರೆ ಏನು ಬಂತು, ಉಳಿದವಳು ಇನ್ನಾರು?

ಅಧ್ಯಕ್ಷರು ಹಗ್ಗ ಹಾರಿ ಬಂದು ಮಾಸ್ತರನ್ನು ತಬ್ಬಿಕೊಂಡರು. ಕಣ್ಣಲ್ಲಿ ನಿಜವಾದ ನೀರು. "ನಾನು ನಿಮ್ಮನ್ನ ಅನುಮಾನಿಸಿದ್ದೆ ಮಾಸ್ತರೇ, ತಪ್ಪಾಯ್ತು. ಸ್ವಂತ ಮಗಳು ಅರ್ಧ ಅಂಕದಲ್ಲಿ ಸೋತ್ರೂ ಪೆನ್ನು ಅಲ್ಲಾಡ್ಲಿಲ್ಲ! ಇನ್ಮೇಲೆ ಪ್ರತಿ ವರ್ಷ ಆಯ್ಕೆ ನಿಮ್ಮದೇ, ಬದುಕಿರೋವರೆಗೂ ನಿಮ್ಮದೇ!" ಡಾಕ್ಟರಮ್ಮನೂ ಕರಗಿಹೋದರು. "ನನ್ನ ಮಗಳು ಸೋತಿದ್ದಕ್ಕೆ ಬೇಜಾರಿಲ್ಲ. ಇಂಥ ನ್ಯಾಯ ನಾನು ಕಂಡಿಲ್ಲ" ಎಂದರು. ಕಾರ್ಯದರ್ಶಿ ಆಗಲೇ ಕಚೇರಿಗೆ ಓಡಿ ಹೆಸರು ಕಳಿಸಿಯೂ ಬಂದಿದ್ದ. ಮಾಸ್ತರು ನೀರು ಕೇಳಿದರು. ಯಾರಿಗೂ ಕೇಳಿಸಲಿಲ್ಲ.

ಅಪ್ಪ ಮಗಳು ಮನೆಯ ದಾರಿ ಹಿಡಿದರು. ತಡೆಯಲಾರದೆ ಮಾಸ್ತರೇ ಕೇಳಿದರು, "ಆ ಹುಡುಗ... ಕುದುರೆ ಕತ್ತಿಗೆ ಮುಂಗೈ ಇಡೋದು ಎಲ್ಲಿ ಕಲಿತ?"

"ನಾನೇ ಕಲಿಸಿದ್ದಪ್ಪ. ಶನಿವಾರ ಶನಿವಾರ ನನ್ನ ಹತ್ರ ಹೇಳಿಸ್ಕೋತಾನೆ. ಏನು ಮಾಡಿದ್ರೂ ಹಾಗೇ ನಕಲು ಮಾಡ್ತಾನೆ, ಒಳ್ಳೇ ಹುಡುಗ."

"ಮತ್ತೆ ನೀನು? ನೀನ್ಯಾಕೆ ಇಡ್ಲಿಲ್ಲ?"

ಮಗಳು ನಕ್ಕಳು. ಎಷ್ಟೋ ದಿನದ ಮೇಲೆ ಅಪ್ಪನ ಎದುರು ನಕ್ಕದ್ದು. "ಇಟ್ರೆ ನಿನಗೆ ನಾನೇ ಅಂತ ಗೊತ್ತಾಗಿಬಿಡತ್ತೆ. ಗೊತ್ತಾದ್ರೆ ನೀನು ಅಂಕ ಕಡಿಮೆ ಹಾಕ್ತೀಯ. ಅದಕ್ಕೆ ಕೈ ಬಿಗಿ ಹಿಡ್ಕೊಂಡು ಕೂತಿದ್ದೆ."

ಮಾಸ್ತರು ನಡೆಯುತ್ತಿದ್ದವರು ನಿಂತರು. "ಮಗಳೇ, ಒಂದು ಮಾತು ಹೇಳ್ಬೇಕು..."

"ನೀನೇನೂ ಹೇಳ್ಬೇಡ. ನಾನು ಹೇಳ್ತೀನಿ ಕೇಳು. ಎರಡು ವರ್ಷ ನಿನ್ನ ಮೇಲೆ ಎಷ್ಟು ಸಿಟ್ಟಿತ್ತು ಗೊತ್ತಾ? ಬೇಕಂತಾನೇ ಸೋಲಿಸ್ತೀಯ ಅಂತ. ಈ ಸಲ ನಾನು ಯಾರು ಅಂತ್ಲೇ ನಿನಗೆ ಗೊತ್ತಿರಲಿಲ್ಲ. ಗೊತ್ತಿಲ್ದೇ ಸೋಲಿಸಿದೀಯ. ಅಂದ್ರೆ ನಾನು ನಿಜವಾಗ್ಲೂ ಅರ್ಧ ಅಂಕ ಕಡಿಮೆ ಇದ್ದೆ. ಹಾಗೆ ಸೋತ್ರೆ ನನಗೆ ಅಳು ಬರಲ್ಲಪ್ಪ" ಎಂದು ಅವಳು ಅಪ್ಪನ ತೋಳು ಹಿಡಿದುಕೊಂಡಳು.

ಹೇಳಬೇಕೆಂದಿದ್ದ ಮಾತು ಮಾಸ್ತರ ಹೊಟ್ಟೆಗೆ ಇಳಿಯಿತು. ಹೇಳಿದರೆ ಅವಳಿಗೆ ಇವತ್ತು ಸಿಕ್ಕ ಇಷ್ಟು ಸಮಾಧಾನವೂ ಹೋಗುತ್ತದೆ. ಹೇಳದಿದ್ದರೆ, ಇದ್ದವರಲ್ಲೆಲ್ಲ ತಾನೇ ಮೇಲೆಂಬುದು ಆ ಹುಡುಗಿಗೆ ಜನ್ಮದಲ್ಲಿ ಗೊತ್ತಾಗುವುದಿಲ್ಲ. ಅವರು ಮನೆ ಕಡೆ ಹೆಜ್ಜೆ ಹಾಕಿದರು. ಮಗಳು ಹಿಡಿದ ತೋಳು ಮಣಭಾರವಾಗಿತ್ತು.

ಬಾಗಿಲಲ್ಲಿ ಹೆಂಡತಿ ಕಾದಿದ್ದರು. ಇಬ್ಬರ ಮುಖ ನೋಡಿದ್ದೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅಮ್ಮ, ಅಪ್ಪನ್ನ ಬೈಬೇಡ" ಎಂದು ಮಗಳು ಅಡ್ಡ ನಿಂತಳು. "ಅಪ್ಪ ಇವತ್ತು ಅರ್ಧ ಅಂಕ ಕೂಡ ಆಕಡೆ ಈಕಡೆ ಮಾಡಿಲ್ಲ."

ಹೆಂಡತಿ ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಮಾಡೋಕೂ ಒಂದು ಗುಂಡಿಗೆ ಬೇಕಮ್ಮ" ಎಂದು ನಿಟ್ಟುಸಿರುಬಿಟ್ಟು ಒಳಗೆ ಹೋದರು.